ಕೊಡಗಿನ ಮನೆ, ಹೊಳೆ ನೀರು, ಬರೆ ಕುಸಿತ: ಇನ್ಶೂರೆನ್ಸ್ ಮಾಡಿಸುವ ಮುಂಚೆ ಏನೇನು ನೋಡಬೇಕು

ಮನೆ ಇನ್ಶೂರೆನ್ಸ್ ಮಾತು ಬಂದಾಗ ಇಲ್ಲಿ ಮೊದಲು ಬರುವ ಪ್ರಶ್ನೆ, "ಪ್ರವಾಹಕ್ಕೆ ಅಂತ ಬೇರೆ ಪಾಲಿಸಿ ಸಿಗುತ್ತಾ?" ಅಂತ. ಬೇರೆ ಬೇಕಾಗಿಲ್ಲ. ನಮ್ಮಲ್ಲಿ ಮನೆಗೆ ಮಾಡಿಸುವ ಮಾಮೂಲಿ ಪಾಲಿಸಿಯಲ್ಲೇ ಪ್ರವಾಹ ಇದೆ, ಭೂಕುಸಿತವೂ ಇದೆ. ಹೆಸರು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಇದರ ಷರತ್ತುಗಳನ್ನು ಬರೆದುಕೊಟ್ಟಿದೆ, ಹಾಗಾಗಿ ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಒಳಗಿನ ಮೂಲ ಷರತ್ತು ಒಂದೇ. ಪ್ರೀಮಿಯಂ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಎರಡು ಮೂರು ಕಡೆ ಕೇಳಿ. ಸಾಮಾನ್ಯವಾಗಿ ಕಾರಿಗೆ ವರ್ಷಕ್ಕೆ ಕಟ್ಟುವುದಕ್ಕಿಂತ ಮನೆಗೆ ಕಟ್ಟುವುದು ಕಡಿಮೆಯೇ ಇರುತ್ತದೆ. ಆದರೂ ಕಾರಿಗೆ ಇದ್ದು ಮನೆಗೆ ಇಲ್ಲದವರೇ ನಮ್ಮಲ್ಲಿ ಜಾಸ್ತಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಕೆಳಗಿಳಿದವು. 2019ರಲ್ಲಿ ವಿರಾಜಪೇಟೆ ಕಡೆಯ ತೋರದಲ್ಲಿ ಕುಸಿತ, ಕಾವೇರಿ ದಡದ ಕರಡಿಗೋಡು ಮತ್ತು ನೆಲ್ಯಹುದಿಕೇರಿಯಲ್ಲಿ ಮನೆ ಮನೆಗೆ ನೀರು. 2020ರಲ್ಲಿ ತಲಕಾವೇರಿಯ ಬೆಟ್ಟವೇ ಜಾರಿತು. ಕುಶಾಲನಗರದ ತಗ್ಗು ಬಡಾವಣೆಗಳಿಗೂ ನೀರು ನುಗ್ಗಿತು. ಇಷ್ಟಾದರೂ "ನಮ್ಮ ಮನೆ ಎತ್ತರದಲ್ಲಿದೆ, ನಮಗೇನು" ಅನ್ನುವವರಿದ್ದಾರೆ. ಎತ್ತರದಲ್ಲಿದ್ದರೆ ಬರೆ (ಕಡಿದಾದ ಮಣ್ಣಿನ ಇಳಿಜಾರು), ತಗ್ಗಿನಲ್ಲಿದ್ದರೆ ಹೊಳೆ. ಎರಡರಲ್ಲಿ ಒಂದಂತೂ ಇದ್ದೇ ಇರುತ್ತದೆ.

ಸರ್ಕಾರದ ಪರಿಹಾರ ಬರುತ್ತದಲ್ಲ ಅನ್ನಬಹುದು. ಬರುತ್ತದೆ, ಬರಲೂಬೇಕು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಸಂತ್ರಸ್ತರಿಗೆ ಮನೆಗಳೂ ಎದ್ದವು. ಆದರೆ ಪರಿಹಾರ ಎಷ್ಟು, ಯಾವಾಗ ಅನ್ನುವುದು ಆಯಾ ವರ್ಷದ ಸರ್ಕಾರದ ಕೈಯಲ್ಲಿದೆ. ಮನೆಗೆ ನೀರು ನುಗ್ಗಿ ಹೋಯಿತು, ಗೋಡೆ ನಿಂತಿದೆ, ಆದರೆ ಫ್ರಿಜ್ಜು, ಮಂಚ, ವೈರಿಂಗು, ಬೀರು ಎಲ್ಲ ಹಾಳು ಅಂದಾಗ ಸಿಗುವ ಪರಿಹಾರದಲ್ಲಿ ಅವನ್ನೆಲ್ಲ ಮತ್ತೆ ಕೊಳ್ಳುವುದು ಕಷ್ಟ. ಪಾಲಿಸಿ ಕೆಲಸಕ್ಕೆ ಬರುವುದು ಅಲ್ಲೇ.

ಯಾವ ನೀರು, ಯಾವ ಕುಸಿತ?

ಇಡೀ ವಿಷಯದಲ್ಲಿ ಜಾಸ್ತಿ ಗಮನ ಕೊಡಬೇಕಾದ್ದು ಇದಕ್ಕೇ. ಪ್ರವಾಹ ಕವರ್ ಇದೆ ಅಂದ ಮಾತ್ರಕ್ಕೆ ಮಳೆಗಾಲದಲ್ಲಿ ಮನೆಗೆ ಆಗುವ ಎಲ್ಲ ಹಾನಿಗೂ ದುಡ್ಡು ಬರುವುದಿಲ್ಲ.

ಹೊಳೆ ಏರಿ ಮನೆಯೊಳಗೆ ಬಂದರೆ ಗೊಂದಲ ಇಲ್ಲ, ಅದು ಪ್ರವಾಹ. ತೋಡು ಉಕ್ಕಿ, ಮೋರಿ ಕಟ್ಟಿಕೊಂಡು ಅಂಗಳದಿಂದ ಹಾಲ್‌ಗೆ ನೀರು ನಿಂತರೂ ಅದು ಜಲಾವೃತ, ಕವರ್ ಇದೆ. ಹಂಚಿನ ಸಂದಿಯಿಂದ ಸೋರಿ ಅಟ್ಟ ಕೊಳೆತದ್ದು, ಗೋಡೆ ತೇವ ಹಿಡಿದು ಗಾರೆ ಉದುರಿದ್ದು, ಪಾಚಿ ಬಂದದ್ದು, ಇವಕ್ಕೆ ಇಲ್ಲ. ನಮ್ಮೂರಿನ ಮಳೆಗೆ ಪ್ರತಿ ವರ್ಷ ಆಗುವಂಥದ್ದು ಅದು. ಕಂಪನಿ ಅದನ್ನು ಸವಕಳಿ, ನಿರ್ವಹಣೆ ಅಂತ ಬದಿಗಿಡುತ್ತದೆ.

ಇವೆರಡರ ಮಧ್ಯದ್ದು ಕಷ್ಟದ ಕೇಸು. ವಾರಗಟ್ಟಲೆ ಮಳೆ ಹೊಡೆದು ಮಣ್ಣಿನ ಗೋಡೆ ನೆನೆದು ಒಂದು ರಾತ್ರಿ ಬಿತ್ತು ಅಂದುಕೊಳ್ಳಿ. ಒಳಗೆ ನೀರು ನಿಂತಿಲ್ಲ, ಗುಡ್ಡ ಜಾರಿಲ್ಲ. ಇಲ್ಲಿ ಕಂಪನಿಯ ಪರವಾಗಿ ಹಾನಿ ಅಳೆಯಲು ಬರುವ ಸರ್ವೇಯರ್ "ಇದು ಹಳೇ ಗೋಡೆ, ತಾನಾಗಿ ಬಿದ್ದಿದೆ" ಅಂತ ಬರೆಯುವ ಸಾಧ್ಯತೆ ಇದೆ. ಅವತ್ತು ಗಾಳಿ ಇತ್ತಾ, ಗೋಡೆಯ ಬುಡದಲ್ಲಿ ನೀರು ನಿಂತಿತ್ತಾ, ಮೇಲಿನ ಬರೆಯಿಂದ ಮಣ್ಣು ಬಂದು ಒತ್ತಿತ್ತಾ ಅನ್ನುವುದನ್ನು ಅವತ್ತೇ ಫೋಟೋ ಹಿಡಿದಿಟ್ಟಿರಬೇಕು. ಜೊತೆಗೆ ನಿಮ್ಮ ಹೋಬಳಿಯ ಮಳೆ ಲೆಕ್ಕ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪನದ ಅಂಕಿ ಅಂಶ ಸಿಗುತ್ತದೆ, ಅದನ್ನೂ ಲಗತ್ತಿಸಿ.

ಇನ್ನು ಬರೆ. ಪಾಲಿಸಿಯಲ್ಲಿ ಭೂಕುಸಿತ, ಬಂಡೆ ಉರುಳುವುದು, ಮನೆ ನಿಂತ ನೆಲವೇ ಕುಸಿಯುವುದು, ಮೂರೂ ಇವೆ. ಅದರ ಪಕ್ಕದಲ್ಲೇ ಯಾವುದಕ್ಕೆ ಕೊಡುವುದಿಲ್ಲ ಅನ್ನುವ ಪಟ್ಟಿಯೂ ಇದೆ, ಅದನ್ನು ಓದದೆ ಸಹಿ ಹಾಕಬೇಡಿ. ಹೊಸ ಮನೆ ಸ್ವಲ್ಪ ಕೂತು ಬಿರುಕು ಬಿಟ್ಟರೆ ಇಲ್ಲ. ಮಣ್ಣು ತುಂಬಿಸಿ ಮಾಡಿದ ನೆಲ ಕೂತರೆ ಅಥವಾ ಜರುಗಿದರೆ ಇಲ್ಲ. ಸಮುದ್ರದ ಅಥವಾ ನದಿಯ ಕೊರೆತಕ್ಕೆ ಇಲ್ಲ. ಕಟ್ಟಡದ ವಿನ್ಯಾಸ, ಕೆಲಸ, ಸಾಮಗ್ರಿ ಕಳಪೆ ಇದ್ದರೆ ಇಲ್ಲ. ಕಟ್ಟುವಾಗ, ಒಡೆಯುವಾಗ, ನೆಲ ಅಗೆಯುವಾಗ ಆದ ಕುಸಿತಕ್ಕೂ ಇಲ್ಲ.

ಇದನ್ನು ಕೊಡಗಿನ ಕಣ್ಣಲ್ಲಿ ನೋಡಿ. ನಮ್ಮಲ್ಲಿ ಇಳಿಜಾರಿನಲ್ಲಿ ಮನೆ ಕಟ್ಟುವುದು ಹೇಗೆ? ಜೆಸಿಬಿ ತಂದು ಮೇಲಿನ ಬರೆ ಕಡಿಸಿ, ಅದೇ ಮಣ್ಣನ್ನು ಕೆಳಗಡೆಗೆ ತಳ್ಳಿ ಮಟ್ಟ ಮಾಡಿಸುತ್ತೇವೆ. ಮನೆಯ ಹಿಂದಿನ ಅರ್ಧ ಗಟ್ಟಿ ನೆಲದ ಮೇಲೆ, ಮುಂದಿನ ಸಿಟ್‌ಔಟು, ಕಾರು ನಿಲ್ಲಿಸುವ ಜಾಗ ತುಂಬಿದ ಮಣ್ಣಿನ ಮೇಲೆ. ಮಳೆಗೆ ಮುಂದಿನ ಅರ್ಧ ಕೂತು ಗೋಡೆ ಸೀಳಿದರೆ ಕಂಪನಿ "ತುಂಬಿಸಿದ ನೆಲ" ಅನ್ನುತ್ತದೆ. 2018ರ ಕುಸಿತಗಳನ್ನು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರೂ ಇಳಿಜಾರನ್ನು ಕಡಿದು ಬದಲಾಯಿಸಿದ್ದೂ ಒಂದು ಕಾರಣ ಅಂದಿದ್ದರು. ಆದ್ದರಿಂದ ಮನೆ ಕಟ್ಟುವಾಗಲೇ ಮಣ್ಣು ದಮ್ಮಸು ಮಾಡಿದ ಲೆಕ್ಕ, ತಡೆಗೋಡೆಯ ನಕ್ಷೆ, ಎಂಜಿನಿಯರ್ ಸಹಿ ಇರುವ ಒಂದು ಪತ್ರ ಇಟ್ಟುಕೊಳ್ಳಿ. ಹಳೇ ಮನೆ ಆದರೆ ಈಗಲೇ ಒಬ್ಬ ಸಿವಿಲ್ ಎಂಜಿನಿಯರ್‌ಗೆ ತೋರಿಸಿ ಬರೆಸಿಕೊಳ್ಳಿ. ಏಜೆಂಟ್ ಹತ್ತಿರ "ನಮ್ಮ ಜಾಗ ಹೀಗಿದೆ, ಕುಸಿತಕ್ಕೆ ಕವರ್ ಆಗುತ್ತಾ?" ಅಂತ ಇಮೇಲ್‌ನಲ್ಲೇ ಕೇಳಿ, ಉತ್ತರವೂ ಇಮೇಲ್‌ನಲ್ಲೇ ಬರಲಿ. ಬಾಯಿಮಾತಿನಲ್ಲಿ "ಆಗುತ್ತೆ ಬಿಡಿ" ಅಂದದ್ದು ಕ್ಲೇಮ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಮತ್ತೆ, ಮೇ ತಿಂಗಳಲ್ಲಿ ಮನೆ ಹಿಂದಿನ ಬರೆ ಕೆರೆಸುವ ಕೆಲಸ ದಯವಿಟ್ಟು ಇಟ್ಟುಕೊಳ್ಳಬೇಡಿ. ಪಾಲಿಸಿ ಮಾತು ಹಾಗಿರಲಿ, ಒಳಗೆ ಮಲಗುವುದು ನಿಮ್ಮ ಮಕ್ಕಳು.

ಹೊಳೆ ದಡದವರಿಗೆ "ನದಿ ಕೊರೆತ" ಅನ್ನುವ ಎರಡು ಶಬ್ದ ಮುಖ್ಯ. ನೀರು ಏರಿ ಒಳಗೆ ಬಂದು ಗೋಡೆ ಬಿದ್ದರೆ ಅದು ಪ್ರವಾಹ. ನೀರು ದಡವನ್ನು ಸ್ವಲ್ಪ ಸ್ವಲ್ಪವೇ ತಿಂದು, ಒಂದು ದಿನ ಬಚ್ಚಲುಮನೆ ಜಾರಿ ಹೊಳೆಗೆ ಬಿದ್ದರೆ ಅದು ಕೊರೆತ, ದುಡ್ಡು ಇಲ್ಲ. ಕರಡಿಗೋಡಿನಂಥ ಕಡೆ ಎರಡೂ ಒಟ್ಟಿಗೇ ಆಗುತ್ತವೆ. ಅದಕ್ಕೇ ನೀರಿನ ಗುರುತು ಮುಖ್ಯ. ನೀರು ಇಳಿದ ಮೇಲೆ ಗೋಡೆಯಲ್ಲಿ ಕೆಂಪು ಕೆಸರಿನ ಒಂದು ಗೆರೆ ಉಳಿಯುತ್ತದೆ. ಸ್ವಿಚ್ ಬೋರ್ಡಿನಿಂದ ಎಷ್ಟು ಮೇಲೆ, ಕಿಟಕಿಯ ಸರಳಿಗೆ ಎಷ್ಟು ಕೆಳಗೆ ಅಂತ ಕಾಣುವ ಹಾಗೆ ಟೇಪು ಹಿಡಿದು ಫೋಟೋ ತೆಗೆಯಿರಿ. ಎಲ್ಲ ಕೋಣೆಯಲ್ಲೂ. ಆಮೇಲೆ ತೊಳೆಯಿರಿ.

ಮೊತ್ತ ಎಷ್ಟು ಬರೆಸಬೇಕು

ಜಾಗದ ಬೆಲೆ ಇದರಲ್ಲಿ ಬರುವುದಿಲ್ಲ. ರಸ್ತೆ ಪಕ್ಕದ ಸೈಟು, ವ್ಯೂ ಇರುವ ಜಾಗ, ಅದೆಲ್ಲ ಲೆಕ್ಕಕ್ಕಿಲ್ಲ. ಮನೆಯನ್ನು ಇವತ್ತು ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟೇ. ಕಾರ್ಪೆಟ್ ಏರಿಯಾವನ್ನು (ಮನೆಯ ಒಳಗಿನ ನೆಲದ ಅಳತೆ) ಕಟ್ಟುವ ದರದಿಂದ ಗುಣಿಸುವುದು. 1,200 ಚದರ ಅಡಿ, ಅಡಿಗೆ 2,000 ರೂಪಾಯಿ ಅಂದುಕೊಂಡರೆ 24 ಲಕ್ಷ. ದರವನ್ನು ಮೈಸೂರಿನ ಲೆಕ್ಕದಲ್ಲಿ ಹಾಕಬೇಡಿ. ಮರಳು, ಜಲ್ಲಿ ಬೆಟ್ಟ ಹತ್ತಿಸುವ ಬಾಡಿಗೆ ನಿಮಗೆ ಗೊತ್ತು, ನಿಮ್ಮೂರಿನ ಮೇಸ್ತ್ರಿಯನ್ನೇ ಕೇಳಿ. ಕಾಂಪೌಂಡ್, ಗೇಟು, ತಡೆಗೋಡೆ, ನೀರಿನ ಟ್ಯಾಂಕು, ಸೋಲಾರ್ ಪ್ಯಾನೆಲ್, ಒಳರಸ್ತೆ, ಇವೂ ಮನೆಯ ಭಾಗವಾಗಿ ಸೇರುತ್ತವೆ. ನಮ್ಮಲ್ಲಿ ಎಷ್ಟೋ ಸಲ ಮೊದಲು ಹೋಗುವುದೇ ತಡೆಗೋಡೆ, ಅದರ ಖರ್ಚೂ ಸಣ್ಣದಲ್ಲ. ಹಾಗಾಗಿ ಅದನ್ನು ಮರೆಯದೆ ಸೇರಿಸಿ.

ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20, ಗರಿಷ್ಠ 10 ಲಕ್ಷ, ತಾನಾಗೇ ಸಿಗುತ್ತದೆ. ಮೇಲಿನ ಲೆಕ್ಕದಲ್ಲಿ 4 ಲಕ್ಷ 80 ಸಾವಿರ. ಸಾಲದಿದ್ದರೆ ಪಟ್ಟಿ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಒಡವೆ ಇದರಲ್ಲಿ ಬರುವುದಿಲ್ಲ. ಜೋಮಾಲೆ, ಪತ್ತಾಕ್, ಅಜ್ಜಿಯ ಕಾಲದ ಬೆಳ್ಳಿ ಇದ್ದರೆ ಬೆಲೆಬಾಳುವ ವಸ್ತುಗಳ ಕವರನ್ನು ಬೇರೆಯಾಗಿ ಕೇಳಿ ಸೇರಿಸಬೇಕು. ನಗದಿಗೆ ಕವರ್ ಇಲ್ಲ.

ಮನೆ ಪಾಲಿಸಿಯಲ್ಲಿ ನನಗೆ ತುಂಬಾ ಇಷ್ಟವಾದ ಷರತ್ತು ಒಂದಿದೆ. ಮೊತ್ತ ಸ್ವಲ್ಪ ಕಡಿಮೆ ಬರೆಸಿದ್ದೀರಿ ಅನ್ನುವ ಕಾರಣಕ್ಕೆ ಕ್ಲೇಮಿನಲ್ಲಿ ಪಾಲು ಕಡಿಯುವಂತಿಲ್ಲ. ಹಳೇ ಪಾಲಿಸಿಗಳಲ್ಲಿ ಹಾಗೆ ಕಡಿಯುತ್ತಿದ್ದರು. ಹಾಗಂತ ಬೇಕೆಂದೇ ಕಡಿಮೆ ಬರೆಸಬೇಡಿ, ಮನೆ ಪೂರ್ತಿ ಹೋದರೆ ಬರೆಸಿದ ಮೊತ್ತಕ್ಕಿಂತ ಜಾಸ್ತಿ ಬರುವುದಿಲ್ಲ. 10 ವರ್ಷದವರೆಗೆ ಒಟ್ಟಿಗೇ ಮಾಡಿಸಬಹುದು. ಹಾಗೆ ಮಾಡಿಸಿದರೆ ಕಟ್ಟಡದ ಮೊತ್ತ ವರ್ಷಕ್ಕೆ ಶೇ. 10ರಂತೆ ತಾನೇ ಏರುತ್ತದೆ. ಪ್ರತಿ ಮೇ ತಿಂಗಳು ನವೀಕರಿಸಲು ಮರೆಯುವವರಿಗೆ ಇದೇ ಒಳ್ಳೆಯದು.

ಇನ್ನೂ ಕೆಲವು ಅದರಲ್ಲೇ ಇವೆ, ಹೆಚ್ಚಿನವರಿಗೆ ಗೊತ್ತಿಲ್ಲ. ಮನೆ ಇರಲಾಗದ ಸ್ಥಿತಿಗೆ ಬಂದರೆ ಬೇರೆ ಕಡೆ ಇರುವ ಬಾಡಿಗೆ ಕೊಡುತ್ತಾರೆ. ಮಣ್ಣು, ಕಲ್ಲು ತೆಗೆಸುವ ಖರ್ಚು ಕ್ಲೇಮಿನ ಶೇ. 2ರವರೆಗೆ, ಎಂಜಿನಿಯರ್ ಫೀಸು ಶೇ. 5ರವರೆಗೆ. ಗುಡ್ಡದ ಮಣ್ಣು ತೆಗೆಸುವ ಜೆಸಿಬಿ ಬಿಲ್ಲಿಗೆ ಶೇ. 2 ಸಾಕಾಗುವುದಿಲ್ಲ, ಅದನ್ನು ಮೊದಲೇ ತಿಳಿದಿರಿ. ನೀರು ಬಂದು ನೀವು ಪರಿಹಾರ ಕೇಂದ್ರಕ್ಕೆ ಹೋದಾಗ 7 ದಿನದೊಳಗೆ ಮನೆಯಲ್ಲಿ ಕಳವಾದರೆ, ಅದಕ್ಕೂ ಕವರ್ ಇದೆ. ಈ ಅವಘಡದಲ್ಲಿ ಪಾಲಿಸಿದಾರರು ಅಥವಾ ಅವರ ಗಂಡ, ಹೆಂಡತಿ ತೀರಿಕೊಂಡರೆ ತಲಾ 5 ಲಕ್ಷದ ಕವರ್ ಕೂಡ ಸೇರಿಸಿಕೊಳ್ಳಬಹುದು.

ಐನ್‌ಮನೆ, ಬೀಗ ಹಾಕಿದ ಮನೆ, ಸಾಲದ ಮನೆ

ಐನ್‌ಮನೆ ಅಂದರೆ ಪೂರ್ವಜರ ಮೂಲ ಮನೆ, ಅದು ಒಕ್ಕದ (ಒಂದೇ ವಂಶದ ಕುಟುಂಬಗಳ) ಎಲ್ಲರದ್ದು. ಪಾಲಿಸಿ ಯಾರ ಹೆಸರಲ್ಲಿ ಅನ್ನುವುದನ್ನು ಒಕ್ಕದವರು ಕೂತು ತೀರ್ಮಾನಿಸಿ, ಪಟ್ಟೇದಾರರ (ಒಕ್ಕದ ಮುಖ್ಯಸ್ಥರ) ಹೆಸರಲ್ಲಾದರೆ ಉಳಿದವರ ಒಪ್ಪಿಗೆ ಪತ್ರ ಇಟ್ಟುಕೊಂಡು, ಕಂಪನಿಗೂ ಮೊದಲೇ ತಿಳಿಸಿ. ಆರ್‌ಟಿಸಿ, ಪಂಚಾಯಿತಿಯ ಮನೆ ಕಂದಾಯದ ರಶೀದಿ, ಕರೆಂಟ್ ಬಿಲ್ಲು, ಮೂರರಲ್ಲಿ ಮೂರು ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ, ಕ್ಲೇಮ್ ನಿಲ್ಲುವುದೂ ಅಲ್ಲೇ. ಇನ್ನೊಂದು, ಕೆತ್ತನೆಯ ಕಂಬ, ತೇಗದ ತೊಲೆ ಇರುವ ಮನೆಗೆ ಸಾದಾ ಕಟ್ಟಡದ ಅಡಿ ದರ ಹಾಕಿದರೆ ಅಂಥದ್ದನ್ನು ಮತ್ತೆ ಕಟ್ಟಲಾಗುವುದಿಲ್ಲ. ಮರದ ಕೆಲಸದ ಅಂದಾಜು ಬೇರೆ ಮಾಡಿಸಿ.

ಮಕ್ಕಳು ಬೆಂಗಳೂರಿನಲ್ಲಿ, ಮನೆಗೆ ಬೀಗ, ಹಬ್ಬಕ್ಕೆ ಬಂದು ಹೋಗುವುದು. ಇಂಥ ಮನೆಗಳು ಪ್ರತಿ ಊರಿನಲ್ಲೂ ಇವೆ. ತುಂಬಾ ದಿನ ಖಾಲಿ ಬಿಡುವುದಾದರೆ ಕಂಪನಿಗೆ ಬರೆದು ತಿಳಿಸಿ. ಮನೆ ಬಾಡಿಗೆಗೆ ಕೊಟ್ಟರೂ ಹಾಗೆಯೇ.

ಬ್ಯಾಂಕ್ ಸಾಲ ಇರುವವರು "ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡಿಸಿದ್ದಾರೆ" ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಆ ಕಾಗದ ತರಿಸಿ ನೋಡಿ. ಎಷ್ಟೋ ಸಲ ಅದು ಸಾಲಗಾರನ ಜೀವದ ಮೇಲಿನ ವಿಮೆ, ಮನೆಯದ್ದಲ್ಲ. ಮನೆಯದ್ದೇ ಆದರೂ ಮೊತ್ತ ಬಾಕಿ ಸಾಲದಷ್ಟೇ ಇರಬಹುದು, ಸಾಮಾನಿಗೆ ಏನೂ ಇಲ್ಲದಿರಬಹುದು.

ಹೋಮ್‌ಸ್ಟೇ, ಅಂಗಡಿ, ಗೋದಾಮು, ತೋಟ

ಮನೆಯ ಪಾಲಿಸಿ ವಾಸಕ್ಕೆ. ಎರಡು ಕೋಣೆ ಹೋಮ್‌ಸ್ಟೇ ಮಾಡಿದ್ದರೆ ಅದನ್ನು ಮುಚ್ಚಿಡಬೇಡಿ. ಬುಕಿಂಗ್ ಸೈಟಿನಲ್ಲಿ ನಿಮ್ಮ ಮನೆಯ ಫೋಟೋ ಸರ್ವೇಯರ್‌ಗೂ ಕಾಣುತ್ತದೆ. ವ್ಯಾಪಾರಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅನ್ನುವ ಬೇರೆ ಪಾಲಿಸಿ ಇದೆ, ಒಂದು ಜಾಗದಲ್ಲಿ ಒಟ್ಟು 5 ಕೋಟಿವರೆಗಿನ ಆಸ್ತಿಗೆ. ಕುಶಾಲನಗರದ ಅಂಗಡಿಯವರಿಗೂ, ಕಾಫಿ ಗೋದಾಮಿನವರಿಗೂ ಇದೇ.

ಇಲ್ಲಿ ಮೊತ್ತ ಕಡಿಮೆ ಬರೆಸಿದರೆ ಪೆಟ್ಟು ಬೀಳುತ್ತದೆ. ಶೇ. 15ರವರೆಗಿನ ಕೊರತೆಯನ್ನು ಮಾತ್ರ ಬಿಡುತ್ತಾರೆ. ಗೋದಾಮಿನಲ್ಲಿ 20 ಲಕ್ಷದ ಚೆರಿ (ಒಣಗಿಸಿದ ಕಾಫಿ ಹಣ್ಣು) ಮತ್ತು ಕರಿಮೆಣಸು ಇದೆ, ಪ್ರೀಮಿಯಂ ಉಳಿಸಲು 10 ಲಕ್ಷ ಅಂತ ಬರೆಸಿದ್ದೀರಿ. ನೀರು ಬಂದು 6 ಲಕ್ಷದ ಮಾಲು ಹಾಳಾಯಿತು. ಕೈಗೆ ಬರುವುದು 3 ಲಕ್ಷ. ರೇಟು ಏರಲಿ ಅಂತ ಆಗಸ್ಟ್‌ವರೆಗೆ ಮಾಲು ಇಟ್ಟುಕೊಳ್ಳುವವರು ಇದನ್ನು ಮರೆಯಬಾರದು. ಕಾಫಿ ರೇಟು ಏರಿದರೆ ಒಳಗಿನ ಮಾಲಿನ ಮೌಲ್ಯವೂ ಏರುತ್ತದೆ, ಪಾಲಿಸಿಯ ಮೊತ್ತವನ್ನೂ ಏರಿಸಬೇಕು. ಸ್ಟಾಕ್ ಪುಸ್ತಕ ಬರೆದಿಡಿ. ಲೈನ್ ಮನೆಗಳನ್ನೂ ಪಾಲಿಸಿಗೆ ಸೇರಿಸಿ, ಅವು ಬಿದ್ದರೆ ಬೀದಿಗೆ ಬರುವುದು ಕೆಲಸದವರ ಸಂಸಾರ.

ತೋಟದ ಗಿಡಗಳಿಗೆ ಮನೆ ಪಾಲಿಸಿಯಲ್ಲಿ ಏನೂ ಇಲ್ಲ. ಕರಿಮೆಣಸು ಮತ್ತು ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ, ರೈತರ ಪಾಲು ವಿಮಾ ಮೊತ್ತದ ಶೇ. 5. ಅಲ್ಲಿ ನಿಮ್ಮ ತೋಟದ ಹಾನಿಯನ್ನು ಯಾರೂ ಅಳೆಯುವುದಿಲ್ಲ, ಪಂಚಾಯಿತಿಯ ಮಳೆಮಾಪನ ಎಷ್ಟು ತೋರಿಸಿತೋ ಅದರ ಮೇಲೆ ದುಡ್ಡು. ಮಳೆಗಾಲದ ಶುರುವಿನಲ್ಲೇ ಕೊನೆ ದಿನ ಬಂದುಬಿಡುತ್ತದೆ, ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಕಾರಿಗೆ ಥರ್ಡ್ ಪಾರ್ಟಿ ಮಾತ್ರ ಇದ್ದರೆ ನೀರಿನ ಹಾನಿಗೆ ಏನೂ ಸಿಗುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ, ನೀರಲ್ಲಿ ನಿಂತ ಗಾಡಿಯ ಕೀ ತಿರುಗಿಸಿ ಎಂಜಿನ್ ಹೋದರೆ ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಬೇರೆ ಬೇಕು. ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ.

ಮಳೆಗೆ ಮುಂಚೆ ಒಂದು ಮಧ್ಯಾಹ್ನ

ಹೊಳೆ ಅಪಾಯದ ಮಟ್ಟ ಮುಟ್ಟಿದ ಮೇಲೆ ಪಾಲಿಸಿ ಕೇಳಿದರೆ ಯಾವ ಕಂಪನಿ ಕೊಡುತ್ತದೆ? ಮೇ ಮುಗಿಯುವುದರೊಳಗೆ ಮಾಡಿಸಿ. ಆಮೇಲೆ ಮೊಬೈಲ್ ಹಿಡಿದು ಗೇಟಿನಿಂದ ಶುರು ಮಾಡಿ ಅಡುಗೆಮನೆಯವರೆಗೆ ಒಂದು ವಿಡಿಯೋ ಮಾಡಿ. ಬೀರು ತೆರೆದು ತೋರಿಸಿ. ಫ್ರಿಜ್ಜು, ವಾಷಿಂಗ್ ಮೆಷಿನ್, ಯುಪಿಎಸ್ ಬ್ಯಾಟರಿ, ಪಂಪು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಇವುಗಳ ಹಿಂದೆ ಅಂಟಿಸಿರುವ ನಂಬರ್ ಪಟ್ಟಿ ಕಾಣುವ ಹಾಗೆ ಫೋಟೋ. ಹೊರಗೆ ಬಂದು ಬರೆ, ತಡೆಗೋಡೆ, ಗೋಡೆಯ ನಾಲ್ಕೂ ಮೂಲೆ. ಈಗಾಗಲೇ ಇರುವ ಬಿರುಕುಗಳನ್ನೂ ಹಿಡಿಯಿರಿ, ಆಗ ಹೊಸದು ಯಾವುದು ಅನ್ನುವುದು ತಿಳಿಯುತ್ತದೆ. ಎಲ್ಲವನ್ನೂ ಪಾಲಿಸಿ ಪ್ರತಿಯ ಜೊತೆ ಊರ ಹೊರಗಿರುವ ಮಗಳಿಗೋ ತಮ್ಮನಿಗೋ ಕಳಿಸಿಡಿ. ಫೋನೇ ನೀರಲ್ಲಿ ಹೋಗಬಹುದು.

ಜಿಲ್ಲಾಡಳಿತ ಮನೆ ಬಿಡಿ ಅಂತ ನೋಟಿಸ್ ಕೊಟ್ಟರೆ ಮೊದಲು ಹೊರಡಿ. ಸಾಮಾನು ಕಾಯಲು ಒಬ್ಬರನ್ನು ಬಿಟ್ಟು ಹೋಗುವ ಅಭ್ಯಾಸ ಬೇಡ, ಸಾಮಾನಿಗಾಗಿಯೇ ಪಾಲಿಸಿ ಇದೆ.

ನೀರು ಇಳಿದ ಮೇಲೆ

ಅವತ್ತೇ ಕಂಪನಿಯ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ, ಕ್ಲೇಮ್ ನಂಬರ್ ಬರೆದುಕೊಳ್ಳಿ. ಏಜೆಂಟ್‌ಗೆ ಹೇಳಿದರೆ ಸಾಲದು. ಕ್ಲೇಮ್ ಫಾರಂ 30 ದಿನದೊಳಗೆ ಕೊಡಬೇಕು. ಗ್ರಾಮ ಆಡಳಿತಾಧಿಕಾರಿ ಬಂದು ಮಹಜರು ಮಾಡುತ್ತಾರಲ್ಲ, ಅದರ ಪ್ರತಿ ಕೇಳಿ ಪಡೆಯಿರಿ. ಸರ್ಕಾರಿ ಪರಿಹಾರಕ್ಕೆ ಹಾಕುವ ಅದೇ ದಾಖಲೆ ಇಲ್ಲೂ ಬೇಕಾಗುತ್ತದೆ. ಎರಡು ಕಡೆಯೂ ಅರ್ಜಿ ಹಾಕಿ, ಆದರೆ ಎರಡರಲ್ಲೂ ಒಂದೇ ತಾರೀಖು, ಒಂದೇ ಪಟ್ಟಿ ಇರಲಿ.

ಸರ್ವೇಯರ್ ಬರುವ ಮುಂಚೆ ಹಾಳಾದದ್ದನ್ನು ಎಸೆಯಬೇಡಿ. ನೆನೆದ ಹಾಸಿಗೆ ನಾತ ಹೊಡೆಯುತ್ತದೆ, ಇಡಲಾಗದು ಅಂದರೆ ಫೋಟೋ ತೆಗೆದು ಒಂದು ತುಂಡು ಇಟ್ಟು ಉಳಿದದ್ದು ಬಿಸಾಡಿ. ಉಳಿಸಬಹುದಾದ್ದನ್ನು ಒಣಗಿಸಿ, ಚಾವಣಿಗೆ ಟಾರ್ಪಾಲ್ ಹೊದಿಸಿ. ಹಾನಿ ಇನ್ನಷ್ಟು ಹೆಚ್ಚದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ ಅಂತ ಪಾಲಿಸಿಯಲ್ಲೇ ಇದೆ. ಆ ಬಿಲ್ಲುಗಳನ್ನೂ ಇಟ್ಟುಕೊಳ್ಳಿ. ರಸ್ತೆ ಕಡಿದುಹೋಗಿ ಸರ್ವೇಯರ್ ಬರಲಾಗದಿದ್ದರೆ ವಿಡಿಯೋ ಕಾಲ್‌ನಲ್ಲಿ ನೋಡಲು ಕೇಳಿ.

2024ರಲ್ಲಿ ಐಆರ್‌ಡಿಎಐ ಗಡುವು ಹಾಕಿದೆ. ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ. ಬರೀ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ. ಕಾಗದಗಳೇ ಹೊಳೆಗೆ ಹೋದವರು ಈ ಮಾತನ್ನು ಧೈರ್ಯವಾಗಿ ಹೇಳಿ. ಸರ್ವೇ ವರದಿಯ ಪ್ರತಿ ಕೇಳಿ, ಎಲ್ಲಿ ಎಷ್ಟು ಕಡಿದಿದ್ದಾರೆ ಅಂತ ಸಾಲು ಸಾಲಾಗಿ ನೋಡಿ. ಒಪ್ಪಿಗೆ ಇಲ್ಲದಿದ್ದರೆ "ಪೂರ್ತಿ ಮತ್ತು ಅಂತಿಮ" ಅನ್ನುವ ವೋಚರ್‌ಗೆ ಅವಸರದಲ್ಲಿ ಸಹಿ ಹಾಕಬೇಡಿ.

ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಐಆರ್‌ಡಿಎಐನ ಬಿಮಾ ಭರೋಸಾ ಅನ್ನುವ ದೂರಿನ ವೆಬ್‌ಸೈಟಿನಲ್ಲೂ ದೂರು ಹಾಕಬಹುದು, 155255ಕ್ಕೆ ಫೋನ್ ಮಾಡಿದರೂ ಆಗುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಬೆಂಗಳೂರಿನಲ್ಲಿ ಇಂಥ ತಕರಾರು ಬಗೆಹರಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಫೀಸಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ, ಒಂದು ವರ್ಷದೊಳಗೆ ಹೋಗಬೇಕು. ಅಲ್ಲೂ ಬೇಡ ಅನಿಸಿದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಆದರೆ ಒಂದೇ ತಕರಾರನ್ನು ಒಂಬುಡ್ಸ್‌ಮನ್ ಮುಂದೆಯೂ ಆಯೋಗದ ಮುಂದೆಯೂ ಒಟ್ಟಿಗೆ ನಡೆಸಲು ಆಗುವುದಿಲ್ಲ, ಯಾವುದು ಅಂತ ಮೊದಲು ಆರಿಸಿಕೊಳ್ಳಿ.